ವೀಲರ್ ಗುಡ್ಡದ ರೆಡ್‌ವುಡ್ ಮರ

ಬ್ರೂಕಿಂಗ್ಸ್‌ಗೆ ಹೋಗಲೇಬೇಕು ಎಂದು ಹಟ ಹಿಡಿದವರು ಅಪ್ಪ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ, ಬೀವರ್ಟನ್ನಿನ ನಮ್ಮ ಮನೆಗೆ ಬಂದು ಎರಡು ತಿಂಗಳಾಗಿತ್ತು. ಜಲಪಾತ, ಗುಲಾಬಿ ತೋಟ, ಪೋರ್ಟ್‌ಲ್ಯಾಂಡಿನ ಸೇತುವೆಗಳು ಎಲ್ಲ ನೋಡಿ ಮುಗಿದಿದ್ದವು. ಒಂದು ರಾತ್ರಿ ಊಟ ಮಾಡುತ್ತಾ, 1942ರಲ್ಲಿ ಜಪಾನಿನ ಪೈಲಟ್ ಒಬ್ಬ ಇದೇ ಆರೆಗಾನ್‌ನ ಕಾಡಿಗೆ ಬೆಂಕಿ ಬೀಳಲಿ ಎಂದು ಬಾಂಬ್ ಹಾಕಿದ್ದ ಎಂದು ಮಾತಿನ ನಡುವೆ ಹೇಳಿದೆ. ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಿದರು.

"ಊರಿಗಲ್ಲ, ಕಾಡಿಗಾ?"

ಅಪ್ಪ ಕೊಪ್ಪ, ನರಸಿಂಹರಾಜಪುರದ ಕಡೆ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿ ಸೇರಿ ಫಾರೆಸ್ಟರ್ ಆಗಿ ನಿವೃತ್ತರಾದವರು. ಫೆಬ್ರವರಿಯಿಂದ ಮೊದಲ ಮಳೆ ಬೀಳುವ ತನಕ ಅವರು ನೆಮ್ಮದಿಯಾಗಿ ಮನೆಯಲ್ಲಿ ಮಲಗಿದ್ದು ನನಗೆ ನೆನಪಿಲ್ಲ. ಬೆಂಕಿ ದಾಟದ ಹಾಗೆ ನೆಲ ಬೋಳಿಸಿ ಬೆಂಕಿ ರೇಖೆ ಮಾಡಿಸುವುದು, ಹೊಗೆ ಕಂಡ ಕಡೆ ಓಡುವುದು, ಹಸಿ ಸೊಪ್ಪಿನ ಕೊಂಬೆ ಮುರಿದು ಬಡಿಯುವುದು, ಇದೇ ಅವರ ಬೇಸಿಗೆ. ಹುಬ್ಬು ಸುಟ್ಟುಕೊಂಡು ಬೆಳಗಿನ ಜಾವ ಬರುತ್ತಿದ್ದರು. ಅಮ್ಮ ಮಾತಿಲ್ಲದೆ ಬಚ್ಚಲೊಲೆಗೆ ಸೌದೆ ಇಡುತ್ತಿದ್ದಳು. ಅಂಥವರಿಗೆ ಕಾಡಿಗೆ ಬೇಕೆಂದೇ ಬೆಂಕಿ ಹಾಕಿದವನ ಕಥೆ ಅರಗುವ ಮಾತಲ್ಲ. "ಅವನು ಯಾರು, ಎಲ್ಲಿ ಹಾಕಿದ, ಆ ಜಾಗ ನೋಡಬೇಕು" ಅಂದರು.

ಸೆಪ್ಟೆಂಬರಿನ ಒಂದು ಶುಕ್ರವಾರ ಹೊರಟೆವು. ಬ್ರೂಕಿಂಗ್ಸ್ ಇರುವುದು ರಾಜ್ಯದ ತೆಂಕಣ ತುದಿಯಲ್ಲಿ, ಕ್ಯಾಲಿಫೋರ್ನಿಯಾ ಗಡಿಗೆ ಹತ್ತೇ ಕಿಲೋಮೀಟರ್. ನಮ್ಮಲ್ಲಿಂದ ಐನೂರು ಕಿಲೋಮೀಟರಿನಷ್ಟು ದಾರಿ. ಕರಾವಳಿಯ 101ನೇ ಹೆದ್ದಾರಿಗೆ ಸೇರಿದ ಮೇಲೆ ಬಲಕ್ಕೆ ಸಮುದ್ರ, ಎಡಕ್ಕೆ ಕಾಡು. ಅಪ್ಪ ಸಮುದ್ರದ ಕಡೆ ತಿರುಗಿಯೂ ನೋಡಲಿಲ್ಲ.

ಮೊದಲು ನಿಂತಿದ್ದು ಕೇಪ್ ಬ್ಲಾಂಕೊದಲ್ಲಿ. 1870ರ ದೀಪಸ್ತಂಭ ಇರುವ ಬೋಳು ಭೂಶಿರ ಅದು. ಕಾರಿನ ಬಾಗಿಲು ತೆರೆಯಲಾರದಷ್ಟು ಗಾಳಿ. ಅಪ್ಪ ಮಫ್ಲರ್ ತಲೆಗೆ ಸುತ್ತಿಕೊಂಡರು. ಅಲ್ಲಿ ಬೇಲಿಗೆ ಒರಗಿ ನಿಂತು, ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ.

ಅವನ ಹೆಸರು ನೊಬುವೊ ಫುಜಿತಾ. 1911ರಲ್ಲಿ ಹುಟ್ಟಿದವನು, 1932ರಲ್ಲಿ ನೌಕಾಪಡೆ ಸೇರಿದ. ಅವನು ಹಾರಿಸುತ್ತಿದ್ದದ್ದು ಜಲಾಂತರ್ಗಾಮಿಯೊಳಗೆ ಬಿಚ್ಚಿಟ್ಟುಕೊಂಡು ಹೋಗುವ ಪುಟ್ಟ ವಿಮಾನ. ಯೊಕೊಸುಕಾ ಇ14ವೈ ಎಂದು ಹೆಸರು. ಅಮೆರಿಕದವರು ಗ್ಲೆನ್ ಎನ್ನುತ್ತಿದ್ದರು. ಇಬ್ಬರು ಕೂರಬಹುದು. ಚಕ್ರದ ಬದಲು ನೀರಿನ ಮೇಲೆ ಇಳಿಯಲು ದೋಣಿಯಂಥ ಎರಡು ತೇಲುಗಳು. ಐ-25 ಎಂಬ ಜಲಾಂತರ್ಗಾಮಿ ನೀರಿನಿಂದ ಮೇಲೆದ್ದು, ನೀರು ನುಗ್ಗದ ಗೂಡಿನಿಂದ ಬಿಡಿಭಾಗ ಹೊರತೆಗೆದು ಜೋಡಿಸಿ, ಕವಣೆಯಂಥ ಯಂತ್ರದಿಂದ ಅದನ್ನು ಚಿಮ್ಮಿಸುತ್ತಿತ್ತು. ವಾಪಸು ಬಂದಾಗ ಕ್ರೇನಿನಿಂದ ಎತ್ತಿಕೊಳ್ಳುವುದು. ಅಷ್ಟು ಹೊತ್ತೂ ಹಡಗು ಶತ್ರುವಿನ ಕಣ್ಣಿಗೆ ಬಯಲಲ್ಲಿ.

1941ರ ಡಿಸೆಂಬರಿನಲ್ಲಿ ಜಪಾನ್ ಹವಾಯಿಯ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ದಾಳಿ ಮಾಡಿದ ಹೊತ್ತಿಗೆ ಐ-25 ಅಲ್ಲೇ ಹತ್ತಿರದಲ್ಲಿತ್ತು. ಆದರೆ ವಿಮಾನ ಕೆಟ್ಟು ಫುಜಿತಾ ಹಾರಲಾಗಲಿಲ್ಲ. ಮುಂದಿನ ಫೆಬ್ರವರಿ, ಮಾರ್ಚಿನಲ್ಲಿ ಅವನೂ ಹಿಂದೆ ಕೂರುವ ವೀಕ್ಷಕ ಶೋಜಿ ಒಕುಡನೂ ಸಿಡ್ನಿ, ಮೆಲ್ಬರ್ನ್, ಹೋಬಾರ್ಟ್, ವೆಲಿಂಗ್ಟನ್, ಆಕ್ಲೆಂಡ್, ಸುವಾ ಬಂದರುಗಳ ಮೇಲೆ ಹಾರಿ, ಯಾವ ಹಡಗು ಎಲ್ಲಿ ನಿಂತಿದೆ ಎಂದು ನೋಡಿಬಂದರು. ಆ ಏಪ್ರಿಲ್ 18ರಂದು ಅಮೆರಿಕದ ಸೇನಾಧಿಕಾರಿ ಡೂಲಿಟಲ್‌ನ 16 ವಿಮಾನಗಳು ಟೋಕಿಯೊ ಮತ್ತಿತರ ಊರುಗಳ ಮೇಲೆ ಬಾಂಬ್ ಹಾಕಿದವು. ಜಪಾನಿಗೆ ತಿರುಗಿ ಹೊಡೆಯಲೇಬೇಕಿತ್ತು. ಫುಜಿತಾನನ್ನು ಟೋಕಿಯೊಗೆ ಕರೆಸಿ ನಕ್ಷೆಯಲ್ಲಿ ತೋರಿಸಿದ್ದು ನಗರವನ್ನಲ್ಲ, ಕಾಡನ್ನು.

1942ರ ಸೆಪ್ಟೆಂಬರ್ 9ರ ಬೆಳಗಿನ ಜಾವ, ನಾವು ನಿಂತಿದ್ದ ಈ ಭೂಶಿರದ ಪಶ್ಚಿಮಕ್ಕೆ ಐ-25 ಮೇಲೆದ್ದಿತು. ಎರಡು ಬಾಂಬು, ಒಂದೊಂದೂ 76 ಕಿಲೋ, ಒಳಗೆ 520 ಬೆಂಕಿಯ ಉಂಡೆಗಳು. ಫುಜಿತಾ ಆಗ್ನೇಯಕ್ಕೆ ಹಾರಿ ಬ್ರೂಕಿಂಗ್ಸ್ ಹಿಂದಿನ ವೀಲರ್ ಗುಡ್ಡದ ಬಳಿ ಅವನ್ನು ಹಾಕಿ ಬಂದ. ಅಮೆರಿಕದ ಮುಖ್ಯ ಭೂಭಾಗದ ಮೇಲೆ ಶತ್ರು ವಿಮಾನ ಬಾಂಬ್ ಹಾಕಿದ್ದು ಅದೇ ಮೊದಲು. ಅದೇ ತಿಂಗಳ 29ರ ರಾತ್ರಿ ಮತ್ತೊಮ್ಮೆ ಬಂದ. ದಾಳಿಯ ಭಯಕ್ಕೆ ದೀಪ ಆರಿಸಿ ಊರೆಲ್ಲ ಕತ್ತಲಾಗಿದ್ದರೂ ಈ ದೀಪಸ್ತಂಭ ಉರಿಯುತ್ತಿತ್ತು. ಅದನ್ನೇ ಗುರುತು ಹಿಡಿದು ಒಳನಾಡಿಗೆ ಹಾರಿ ಇನ್ನೆರಡು ಬಾಂಬ್ ಹಾಕಿದ. ಆ ಸಲ ಬೆಂಕಿಯೇ ಹತ್ತಲಿಲ್ಲ.

"ಮೊದಲನೇದು ಹತ್ತಿತಾ?" ಅಂದರು ಅಪ್ಪ. ಹತ್ತಿತು, ಆದರೆ ಹರಡಲಿಲ್ಲ, ಅದಕ್ಕೆ ಮುಂಚೆ ಮಳೆಯಾಗಿ ನೆಲ ಒದ್ದೆಯಾಗಿತ್ತು ಅಂದೆ.

"ಹಾಗಾದರೆ ಅವನ ತಪ್ಪಿನಿಂದ ಉಳಿದದ್ದಲ್ಲ. ಮಳೆಯಿಂದ ಉಳೀತು."

ಆ ಮಾತು ನನ್ನನ್ನು ಚುಚ್ಚಿತು, ಯಾಕೆಂದರೆ ಅದರ ನಿಜ ನನಗೆ ಗೊತ್ತು. 2020ರ ಸೆಪ್ಟೆಂಬರಿನಲ್ಲಿ ಪೂರ್ವದ ಒಣಗಾಳಿ ಎದ್ದು ಆರೆಗಾನ್‌ನಲ್ಲಿ ಹತ್ತು ಲಕ್ಷ ಎಕರೆಗೂ ಹೆಚ್ಚು ಕಾಡು ಉರಿದಾಗ ನಾನಿಲ್ಲೇ ಇದ್ದೆ. ಮಧ್ಯಾಹ್ನಕ್ಕೇ ಆಕಾಶ ಕುಂಕುಮದ ಬಣ್ಣ. ಕಿಟಕಿಯ ಸಂದಿಗೆಲ್ಲ ಒದ್ದೆ ಟವೆಲ್ ತುರುಕಿ ದಿನಗಟ್ಟಲೆ ಒಳಗೇ ಕೂತಿದ್ದೆವು. ಬ್ರೂಕಿಂಗ್ಸ್ ಕಡೆಯಂತೂ 2017ರಲ್ಲಿ ಸಿಡಿಲಿನಿಂದ ಹತ್ತಿದ ಚೆಟ್ಕೊ ಬಾರ್ ಬೆಂಕಿ 1,91,000 ಎಕರೆ ನುಂಗಿತ್ತು. ಬೆಟ್ಟದಿಂದ ಇಳಿದುಬರುವ ಆ ಬಿಸಿಗಾಳಿಗೆ ಅಲ್ಲಿನವರು ಹೆಸರೇ ಇಟ್ಟಿದ್ದಾರೆ, ಚೆಟ್ಕೊ ಎಫೆಕ್ಟ್ ಎಂದು. ಫುಜಿತಾ ಅಂಥ ಒಂದು ಬೆಳಿಗ್ಗೆ ಬಂದಿದ್ದರೆ? ಕಾಡಿಗೆ ಬಾಂಬ್ ಹಾಕುವುದು ಹುಚ್ಚು ಎಂದು ಇಂದು ಬರೆಯುವವರಿಗೆ ಕಾಡಿನ ಬೆಂಕಿ ಗೊತ್ತಿಲ್ಲ ಎಂದೇ ನನಗನ್ನಿಸುತ್ತದೆ.

ಸಂಜೆ ಬ್ರೂಕಿಂಗ್ಸ್ ತಲುಪಿ, ಮರುದಿನ ಬೆಳಿಗ್ಗೆ ಚೆಟ್ಕೊ ಸಾರ್ವಜನಿಕ ಗ್ರಂಥಾಲಯಕ್ಕೆ ಹೋದೆವು. ಚಿಕ್ಕ ಊರಿನ ಚಿಕ್ಕ ಗ್ರಂಥಾಲಯ. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಒಂದು ಸಮುರಾಯ್ ಕತ್ತಿ. ಫುಜಿತಾ ಮನೆತನದಲ್ಲಿ ಸುಮಾರು 400 ವರ್ಷ ಕೈಯಿಂದ ಕೈಗೆ ಬಂದದ್ದು. ಗಾಜಿನ ಮೇಲೆ ನನ್ನ ಮುಖ, ಅಪ್ಪನ ಮಫ್ಲರ್. ಅದರ ಹಿಂದೆ ತುಸುವೇ ಬಾಗಿದ ಕತ್ತಿ. ಎರಡು ಹೆಜ್ಜೆ ಆಚೆ ಒಂದು ಮಗು ಚಿತ್ರದ ಪುಸ್ತಕ ಹಿಡಿದು ಅಮ್ಮನ ತೋಳು ಜಗ್ಗುತ್ತಿತ್ತು.

ಕತ್ತಿ ಇಲ್ಲಿಗೆ ಬಂದದ್ದು 1962ರಲ್ಲಿ. ಯುದ್ಧದ ಕೊನೆಗೆ ಫುಜಿತಾ ಆತ್ಮಾಹುತಿ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದರು. ಜೊತೆಗೆ ಹಾರಿದ ಒಕುಡ ಯುದ್ಧದಲ್ಲೇ ಸತ್ತ. ಐ-25 ಕೂಡ 1943ರಲ್ಲಿ ಎಲ್ಲರೊಂದಿಗೆ ಮುಳುಗಿತು. ಇವರು ಅಷ್ಟರಲ್ಲಿ ಬೇರೆಡೆಗೆ ವರ್ಗವಾಗಿದ್ದರಿಂದ ಬದುಕಿದರು, ಊರಿಗೆ ಹೋಗಿ ಹಾರ್ಡ್‌ವೇರ್ ಅಂಗಡಿ ಇಟ್ಟರು. ಅಲ್ಲಿಗೇ ಬ್ರೂಕಿಂಗ್ಸ್‌ನ ಯುವ ವ್ಯಾಪಾರಸ್ಥರ ಸಂಘದಿಂದ ಕರೆ ಬಂತು: ನಮ್ಮ ಅಜೇಲಿಯಾ ಹೂವಿನ ಹಬ್ಬಕ್ಕೆ ಬನ್ನಿ. ಊರಿನಲ್ಲಿ ವಿರೋಧವೂ ಎದ್ದಿತು. ಫುಜಿತಾ ಕತ್ತಿಯನ್ನು ಚೀಲದಲ್ಲಿಟ್ಟುಕೊಂಡೇ ಬಂದರು. ಜನ ಸಿಟ್ಟಿನಿಂದ ಮೊಟ್ಟೆ ಎಸೆಯಬಹುದು, ಹಾಗಾದರೆ ಅದೇ ಕತ್ತಿಯಿಂದ ಪ್ರಾಣ ಬಿಟ್ಟು ಕ್ಷಮೆ ಕೇಳುವುದು ಎಂದು ನಿಶ್ಚಯಿಸಿದ್ದರು ಎಂದು ಅವರ ಮಗಳು ಆಮೇಲೆ ಹೇಳಿದ್ದಾರೆ. ಜನ ಸ್ವಾಗತಿಸಿದರು. ಫುಜಿತಾ ಕತ್ತಿಯನ್ನು ಊರಿಗೆ ಒಪ್ಪಿಸಿದರು.

ಇಲ್ಲಿಗೆ ಮುಗಿದಿದ್ದರೆ ಅದು ಪೇಪರಿನಲ್ಲಿ ಬರುವ ಒಂದು ಒಳ್ಳೆಯ ಸುದ್ದಿ, ಅಷ್ಟೇ. ಅವರು ಊರಿನ ಮಕ್ಕಳನ್ನು ಜಪಾನಿಗೆ ಕರೆಸಿಕೊಳ್ಳುತ್ತೇನೆ ಎಂದು ಮಾತು ಕೊಟ್ಟು ಹೋಗಿದ್ದರು. ಆಮೇಲೆ ವ್ಯಾಪಾರ ಮುಳುಗಿತು. ಇನ್ನೊಬ್ಬರ ಕೆಳಗೆ ದುಡಿದು, ದುಡ್ಡು ಕೂಡಿಟ್ಟು, 23 ವರ್ಷದ ಮೇಲೆ, 1985ರಲ್ಲಿ, ಇಲ್ಲಿನ ಹೈಸ್ಕೂಲಿನ ಮೂವರು ಹುಡುಗಿಯರನ್ನು ಕರೆಸಿಕೊಂಡರು. ಮಕ್ಕಳು ಬೇರೆ ದೇಶಗಳ ಬಗ್ಗೆ ಓದಲಿ ಎಂದು ಈ ಗ್ರಂಥಾಲಯಕ್ಕೂ ಹಣ ಕೊಟ್ಟರು.

ಅಪ್ಪ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಹೊರಗೆ ಬಂದು ಚಪ್ಪಡಿಯ ಮೇಲೆ ಕೂತು ಕೇಳಿದರು: "ಅವರು ಆ ಗುಡ್ಡಕ್ಕೆ ಮತ್ತೆ ಹೋದರಾ?"

ಹಿಂದಿನ ರಾತ್ರಿಯವರೆಗೂ ಅಪ್ಪನ ಬಾಯಲ್ಲಿ 'ಅವನು' ಆಗಿದ್ದವರು ಈಗ 'ಅವರು' ಆಗಿದ್ದರು.

ಗುಡ್ಡದ ದಾರಿ ಚೆಟ್ಕೊ ಹೊಳೆಯ ದಕ್ಷಿಣ ದಂಡೆ ಹಿಡಿದು ಹೋಗಿ ಮೌಂಟ್ ಎಮಿಲಿ ಕಡೆ ಏರುತ್ತದೆ. ಡಾಂಬರು ಮುಗಿದ ಮೇಲೆ ಜಲ್ಲಿ ರಸ್ತೆ. ಒಂದು ತಿರುವಿನಲ್ಲಿ ಟೈರಿಗೆ ಚೂಪುಕಲ್ಲು ಹೊಡೆದು ಗಾಳಿ ಇಳಿಯಿತು. ಟೈರ್ ಬದಲಿಸಲು ಮುಕ್ಕಾಲು ಗಂಟೆ. ಅಷ್ಟರಲ್ಲಿ ಅಪ್ಪ ರಸ್ತೆಬದಿಯ ತರಗೆಲೆ ಕೆದಕಿ, ಎಷ್ಟು ಆಳಕ್ಕೆ ಹಸಿ ಇದೆ ಎಂದು ಬೆರಳಿನಿಂದ ನೋಡಿ ಬಂದರು. "ಕಡ್ಡಿ ಗೀರಿದರೆ ಸಾಕು" ಅಂದರು.

ಕಾರು ಬಿಟ್ಟು ಕಾಲುದಾರಿಯಲ್ಲಿ ನಡೆಯುವಾಗ ಅವರು ಕೇಳಿದ್ದೆಲ್ಲ ಬೆಂಕಿ ಆರಿಸಿದವರ ಬಗ್ಗೆ. ಎಮಿಲಿ ಬೆಟ್ಟದ ಕಾವಲುಗೋಪುರದಲ್ಲಿದ್ದ ಹೋವರ್ಡ್ ಗಾರ್ಡ್ನರ್ ಬೆಳಿಗ್ಗೆ ವಿಮಾನದ ಸದ್ದು ಕೇಳಿ ವರದಿ ಮಾಡಿದ್ದ. ಮಧ್ಯಾಹ್ನ ಹೊಗೆ ಕಂಡು ಕಾಡು ಬಿದ್ದು ನಡೆದ. ಇನ್ನೊಂದು ಗೋಪುರದಿಂದ ಕೀತ್ ಜಾನ್ಸನ್ ಬಂದ. ಅಲ್ಲಲ್ಲಿ ಉರಿಯುತ್ತಿದ್ದ ಸಣ್ಣ ಬೆಂಕಿಗಳನ್ನು ಇಬ್ಬರೇ ರಾತ್ರಿಯಿಡೀ ಕಾದು ತಡೆದರು. ಬೆಳಿಗ್ಗೆ ಮಿಕ್ಕವರು ಬಂದು ಸೇರಿಕೊಂಡರು.

"ಇಬ್ಬರೇ" ಎಂದು ಅಪ್ಪ ಎರಡು ಸಲ ಹೇಳಿಕೊಂಡರು. "ಒಬ್ಬ ಕಣ್ಣು ಮುಚ್ಚಿದರೆ ಇನ್ನೊಬ್ಬ ನೋಡಬೇಕು. ನಿದ್ದೆ ಮಾಡಿರೋದಿಲ್ಲ ಬಿಡು."

ಬಾಂಬ್ ಬಿದ್ದ ಜಾಗದಲ್ಲಿ ಈಗ ನೋಡಲು ಹೆಚ್ಚೇನಿಲ್ಲ. ಫಲಕ ಇದೆ, ಮರಗಳ ನಡುವೆ ತಂಪು ಇದೆ. ಮತ್ತೆ ಒಂದು ರೆಡ್‌ವುಡ್ ಮರ. 1992ರಲ್ಲಿ, ಬಾಂಬ್ ಹಾಕಿ ಐವತ್ತು ವರ್ಷವಾದಾಗ, ಎಂಬತ್ತು ದಾಟಿದ್ದ ಫುಜಿತಾ ಇಲ್ಲಿಗೆ ಬಂದು ನೆಟ್ಟ ಸಸಿ. 1997ರ ಸೆಪ್ಟೆಂಬರ್ 30ರಂದು, 85ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅದಕ್ಕೆ ಸ್ವಲ್ಪವೇ ಮೊದಲು ಬ್ರೂಕಿಂಗ್ಸ್ ಅವರನ್ನು ತನ್ನ ಗೌರವ ನಾಗರಿಕರನ್ನಾಗಿ ಮಾಡಿಕೊಂಡಿತ್ತು. ಮರುವರ್ಷ ಮಗಳು ಬಂದು ಅವರ ಚಿತಾಭಸ್ಮದ ಒಂದು ಪಾಲನ್ನು ಇದೇ ಮಣ್ಣಿಗೆ ಸೇರಿಸಿದರು.

ಅದನ್ನು ಹೇಳಿದಾಗ ಅಪ್ಪ ಚಪ್ಪಲಿ ಬಿಟ್ಟರು. ನಾನೂ ಬಿಟ್ಟೆ. ಅವರು ಮರದ ಬುಡದ ತರಗೆಲೆಯನ್ನು ಕಾಲಿನಿಂದಲ್ಲ, ಕೈಯಿಂದ ಸರಿಸಿದರು. ಒಂದು ಅಳತೆ ದೂರದವರೆಗೆ ಸುತ್ತಲೂ ನೆಲ ಬೋಳಾಗುವ ಹಾಗೆ ಸರಿಸಿದರು. ಏನು ಮಾಡುತ್ತಿದ್ದಾರೆಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಬೆಂಕಿ ರೇಖೆ.

ಆಮೇಲೆ ಮಫ್ಲರ್ ಬಿಚ್ಚಿ, ಎದೆಮಟ್ಟದಲ್ಲಿ ಕಾಂಡಕ್ಕೆ ಸುತ್ತು ಹಾಕಿ, ತುದಿ ಕೂಡಿದ ಕಡೆ ಒಂದು ಗಂಟು ಹಾಕಿದರು. ಟೇಪ್ ಇಲ್ಲದಾಗ ಕಾಡಿನಲ್ಲಿ ಹಾಗೇ ಅಳೆಯುತ್ತಿದ್ದರಂತೆ. ಮನೆಗೆ ಬಂದ ರಾತ್ರಿ ನನ್ನ ಹೊಲಿಗೆ ಪೆಟ್ಟಿಗೆಯ ಟೇಪ್ ಕೇಳಿ ಪಡೆದು, ಗಂಟಿನವರೆಗೆ ಅಳೆದು, ಸುತ್ತಳತೆಯನ್ನೂ ತಾರೀಖನ್ನೂ ತಮ್ಮ ಡೈರಿಯಲ್ಲಿ ಬರೆದುಕೊಂಡರು.