ಎಂಟಕ್ಕೇ ನಿಂತ ಮ್ಯಾಗಜಿನ್

ಹತ್ತು ತೋಟಾ ಹಿಡಿಯಬೇಕಾದ ಮ್ಯಾಗಜಿನ್, ಅಂದರೆ ರೈಫಲ್ಲಿನ ತೋಟಾ ತುಂಬುವ ಪೆಟ್ಟಿಗೆ, ಎಂಟಕ್ಕೇ ಮುಷ್ಕರ ಹೂಡಿತ್ತು. ಒಂಬತ್ತನೆಯದನ್ನು ಹೆಬ್ಬೆರಳು ಕೆಂಪಾಗುವಷ್ಟು ಒತ್ತಿದರೆ ಅರ್ಧ ಇಳಿಯುತ್ತಿತ್ತು. ಬೆರಳು ತೆಗೆದ ಕೂಡಲೇ ಎಗರಿ ಮೇಜಿನ ಮೇಲೆ ಉರುಳುತ್ತಿತ್ತು.

ರೈಫಲ್ ನನ್ನದಲ್ಲ, ಗೆಳೆಯನದು. ಹಳೇ ಲೀ-ಎನ್‌ಫೀಲ್ಡ್, ಮಾರ್ಕ್ 3. ನಾವೆಲ್ಲ ತ್ರೀ ನಾಟ್ ತ್ರೀ ಅನ್ನುತ್ತೇವಲ್ಲ, ಅದೇ. ತೋಟಾವನ್ನು ಒಳಗೆ ತಳ್ಳುವ ಬೋಲ್ಟಿನ ಹಿಡಿಯ ಕೆಳಗೆ 1912 ಅಂತ ಅಚ್ಚೊತ್ತಿದ್ದಾರೆ. ಇಂಥ ರಿಪೇರಿಗೆ ಕೂರುವ ಮೊದಲು ನಾನು ಬೋಲ್ಟ್ ತೆಗೆದು ಪಕ್ಕಕ್ಕಿಡುತ್ತೇನೆ, ತೋಟಾ ಕೂರುವ ಚೇಂಬರ್ ಒಳಗೆ ಕಿರುಬೆರಳು ಹಾಕಿ ನೋಡುತ್ತೇನೆ. ಅಳತೆ ನೋಡುವುದೆಲ್ಲ ಮದ್ದಿಲ್ಲದ, ಅದನ್ನು ಸಿಡಿಸುವ ಕ್ಯಾಪ್ ಇಲ್ಲದ ಡಮ್ಮಿ ತೋಟಾಗಳಲ್ಲೇ.

"ಇದು ಹಳೇ ಎಂಟರ ಮ್ಯಾಗಜಿನ್ ಇರಬಹುದು ಕಣೋ" ಅಂದ ಗೆಳೆಯ. ಪೂರ್ತಿ ಸುಳ್ಳಲ್ಲ ಅವನು ಹೇಳಿದ್ದು. 1888ರಲ್ಲಿ ಬಂದ, ಇದಕ್ಕೂ ಹಿಂದಿನ ರೈಫಲ್ಲಾದ ಮೊದಲ ಲೀ-ಮೆಟ್‌ಫೋರ್ಡ್‌ಗೆ ಎಂಟೇ ತೋಟಾ. ಒಂದರ ಮೇಲೊಂದು, ನೆಟ್ಟಗೆ ಒಂದೇ ಸಾಲು. ಆಮೇಲೆ ಪೆಟ್ಟಿಗೆಯನ್ನು ಅಗಲ ಮಾಡಿ, ಒಂದು ಎಡಕ್ಕೆ ಒಂದು ಬಲಕ್ಕೆ ಅಂತ ಹೆಣೆದ ಹಾಗೆ ಕೂರಿಸಿದರು, ಹತ್ತು ಹಿಡಿಯಿತು. ನಮ್ಮದು ಈ ಅಗಲದ ಪೆಟ್ಟಿಗೆಯೇ. ರೈಫಲ್ಲಿನಲ್ಲಿ ಮ್ಯಾಗಜಿನ್ ಬಾಯಿಗೆ ಅಡ್ಡ ಬರುವ ಕಟ್-ಆಫ್ ತಗಡಿನ ಮೇಲೂ ಒಂದು ಗಳಿಗೆ ಅನುಮಾನ ಬಂತು. ಅದನ್ನು ಒಳಗೆ ತಳ್ಳಿದ್ದರೆ ಮೇಲಿನಿಂದ ಒಂದು ತೋಟಾನೂ ತುಂಬಲು ಆಗುವುದಿಲ್ಲ. ಅಲ್ಲದೆ ನಾವು ಮ್ಯಾಗಜಿನ್ ಅನ್ನು ಕೈಯಲ್ಲಿ ಹಿಡಿದೇ ತುಂಬುತ್ತಿದ್ದೆವು. ಹಾಗಾಗಿ ಅದರ ತಪ್ಪಲ್ಲ.

ಇಲ್ಲಿ ನಾನು ಒಂದು ದಡ್ಡತನ ಮಾಡಿದೆ. ನೂರು ವರ್ಷದ ಸ್ಪ್ರಿಂಗ್ ಅಲ್ವಾ, ಸೋತಿರುತ್ತೆ ಅಂದುಕೊಂಡು ಹೊಸದನ್ನು ತರಿಸಿ ಹಾಕಿದೆ. ಈಗ ಏಳೇ ಹಿಡಿಯಿತು! ಆಗ ಬುದ್ಧಿ ಬಂತು. ಸೋತ ಸ್ಪ್ರಿಂಗ್ ತೋಟಾಗಳನ್ನು ಮೇಲೆತ್ತುವುದಿಲ್ಲ, ಅಷ್ಟೆ. ಕೆಳಗಿಳಿಯುವುದನ್ನು ಅದ್ಯಾಕೆ ತಡೆಯುತ್ತೆ? ಕಡಿಮೆ ಹಿಡಿಯುತ್ತಿದೆ ಅಂದರೆ ಒಳಗೆ ಇನ್ಯಾರೋ ಜಾಗ ತಿನ್ನುತ್ತಿದ್ದಾರೆ ಅಂತಲೇ ಅರ್ಥ.

ಹಳೇ ಸ್ಪ್ರಿಂಗನ್ನೇ ವಾಪಸ್ ಹಾಕಿದೆ. ಖಾಲಿ ಮ್ಯಾಗಜಿನ್ನಿನಲ್ಲಿ ಸ್ಪ್ರಿಂಗಿನ ಮೇಲೆ ಕೂತು ತೋಟಾಗಳನ್ನು ಹೊರುವ ಪ್ಲಾಟ್‌ಫಾರ್ಮನ್ನು ಪೆನ್ಸಿಲ್ಲಿನ ಹಿಂಬದಿಯಿಂದ ತಳ ಮುಟ್ಟುವವರೆಗೆ ಒತ್ತಿ, ಬಾಯಿಯ ಮಟ್ಟಕ್ಕೆ ಪೆನ್ಸಿಲ್ ಮೇಲೆ ಗೆರೆ ಹಾಕಿದೆ. ಗೆಳೆಯನ ಹತ್ತಿರ ಇದೇ ಜಾತಿಯ ಇನ್ನೊಂದು ಮ್ಯಾಗಜಿನ್ ಇತ್ತು, ಸರಿಯಾಗಿದ್ದದ್ದು. ಅದರಲ್ಲೂ ಹಾಗೇ ಮಾಡಿದೆ. ಎರಡು ಗೆರೆಗಳ ನಡುವೆ ಹೆಚ್ಚು ಕಡಿಮೆ ಒಂದು ಬೆರಳು ದಪ್ಪದ ವ್ಯತ್ಯಾಸ.

ಪ್ಲಾಟ್‌ಫಾರ್ಮಿನ ಹಿಂಬದಿಯನ್ನು ಒತ್ತಿ ಹಿಡಿದರೆ ಮುಂದಿನ ತುದಿ ಮ್ಯಾಗಜಿನ್ ಬಾಯಿಯ ಒಳಕ್ಕೆ ಬಾಗಿದ ಅಂಚುಗಳಿಂದ, ಅಂದರೆ ತುಟಿಗಳಿಂದ, ತಪ್ಪಿಸಿಕೊಂಡು ಮೇಲೆ ಬರುತ್ತದೆ. ಅದರ ಜೊತೆಗೇ ಅಂಕುಡೊಂಕು ಮಡಿಕೆಯ ಸ್ಪ್ರಿಂಗೂ ಈಚೆ ಬಂತು. ನೋಡಿದರೆ ಮಡಿಕೆಗಳ ಸಂದಿನಲ್ಲೆಲ್ಲ ಕಂದು ಬಣ್ಣದ, ಅಂಟಿನಂಥ ಗಟ್ಟಿ ವಸ್ತು. ಯಾವ ಕಾಲದಲ್ಲೋ ತುಕ್ಕು ಹಿಡಿಯದಿರಲಿ ಅಂತ ಬಳಿದ ಗ್ರೀಸು. ಉಗುರಿಗೆ ಬಗ್ಗಲಿಲ್ಲ, ಚೂಪು ಮಾಡಿದ ಮರದ ಕಡ್ಡಿಯಿಂದ ಕೆರೆದರೆ ಚಕ್ಕೆ ಚಕ್ಕೆಯಾಗಿ ಎದ್ದಿತು. ಮಡಿಕೆಗಳು ಪೂರ್ತಿ ಮುಚ್ಚಿಕೊಳ್ಳಲು ಇದೇ ಬಿಡುತ್ತಿರಲಿಲ್ಲ. ಪೆಟ್ಟಿಗೆಯ ತಳದಲ್ಲೂ ಇಷ್ಟು ದಪ್ಪ ಕೂತಿತ್ತು. ರಾತ್ರಿಯೆಲ್ಲ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಬೆಳಿಗ್ಗೆ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆವು.

ಈಗ ಒಂಬತ್ತು. ಹತ್ತನೆಯದು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಗೆಳೆಯ ಇಕ್ಕಳ ತಗೊಂಡು ಬಾಯಿಯ ತುಟಿಗಳನ್ನು ಸ್ವಲ್ಪ ಅಗಲಿಸೋಣ ಅಂದ. ನಾನು ಇಕ್ಕಳ ಕಿತ್ತುಕೊಂಡೆ. ಹಿಂದೊಮ್ಮೆ ಬೇರೆ ಮ್ಯಾಗಜಿನ್ನಿಗೆ ಅದೇ ಕೆಲಸ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಆಮೇಲೆ ಅದರಲ್ಲಿ ಮೂರಕ್ಕೊಂದು ತೋಟಾ ಮೂಗು ಕೆಳಗೆ ಮಾಡಿ ಸಿಕ್ಕಿಕೊಳ್ಳುತ್ತಿತ್ತು. ಎಷ್ಟು ಬಗ್ಗಿಸಿದರೂ ಮೊದಲಿನ ಆಕಾರಕ್ಕೆ ಬರಲೇ ಇಲ್ಲ.

ಖಾಲಿ ಪೆಟ್ಟಿಗೆಯೊಳಗೆ ಟಾರ್ಚ್ ಬಿಟ್ಟು ಓರೆಯಾಗಿ ನೋಡಿದೆ. ಎಡಗೋಡೆಯಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗ ಒಳಕ್ಕೆ ನೆಗ್ಗಿತ್ತು. ಹೊರಗಡೆ ಅದೇ ಜಾಗವನ್ನು ನಾನೇ ಮೂರು ಸಲ ಬಟ್ಟೆಯಲ್ಲಿ ಒರೆಸಿದ್ದೆ, ಗೊತ್ತೇ ಆಗಿರಲಿಲ್ಲ! ತೋಟಾಗಳು ಎಡಕ್ಕೂ ಬಲಕ್ಕೂ ಪೂರ್ತಿ ಸರಿದು ಕೂತರೆ ಸಾಲು ಗಿಡ್ಡವಾಗುತ್ತದೆ. ಗೋಡೆ ಒಳಕ್ಕೆ ಬಂದ ಕಡೆ ಪೂರ್ತಿ ಸರಿಯಲಾಗದೆ ಒಂದರ ತಲೆಯ ಮೇಲೊಂದು ಹತ್ತುತ್ತವೆ, ಸಾಲು ಎತ್ತರವಾಗುತ್ತದೆ. ನೆಗ್ಗಿದ್ದು ಚೂರೇ ಚೂರು, ಹತ್ತನೆಯ ತೋಟಾದ ಜಾಗ ಹೋಗಲು ಅಷ್ಟೇ ಸಾಕಾಗಿತ್ತು.

ಗಟ್ಟಿ ಮರದ ತುಂಡೊಂದನ್ನು ಪೆಟ್ಟಿಗೆಯ ಒಳ ಅಳತೆಗೆ ಅರದಲ್ಲಿ ಉಜ್ಜಿ, ತುದಿ ಸ್ವಲ್ಪ ಸಪೂರ ಮಾಡಿದೆ. ಅದನ್ನು ಒಳಗಿಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದೆ. ಎರಡೇಟು, ತೆಗೆದು ನೋಡು. ಮತ್ತೆರಡು, ಮತ್ತೆ ನೋಡು. ಅರ್ಧ ಮಧ್ಯಾಹ್ನ ಇದರಲ್ಲೇ ಹೋಯಿತು. ಕೊನೆಗೆ ಬೆರಳಾಡಿಸಿದರೆ ಗೋಡೆ ಸಪಾಟಾಗಿತ್ತು.

ಹತ್ತನೆಯದು ಟಕ್ ಅಂತ ಕೂತಿತು. ಮ್ಯಾಗಜಿನ್ ಏರಿಸಿ, ಬೋಲ್ಟ್ ವಾಪಸ್ ಹಾಕಿ ಎಳೆದು ನೋಡಿದರೆ ನಾಲ್ಕನೆಯ ಡಮ್ಮಿಗೇ ಸಿಕ್ಕಿಕೊಂಡಿತು. ಇದು ಮ್ಯಾಗಜಿನ್ ತಪ್ಪಲ್ಲ, ನನ್ನದೇ. ಈ ತೋಟಾಗಳ ಬುಡದಲ್ಲಿ ಅಗಲವಾದ ರಿಮ್ ಇರುತ್ತದೆ. ಕೈಯಲ್ಲಿ ತುಂಬುವಾಗ ಮೇಲಿನದರ ರಿಮ್ ಕೆಳಗಿನದರ ರಿಮ್ಮಿಗಿಂತ ಮುಂದೆ ಇರಬೇಕು. ಹತ್ತು ಕೂತ ಖುಷಿಯಲ್ಲಿ ಒಂದನ್ನು ಹಿಂದುಮುಂದು ಮಾಡಿದ್ದೆ. ಇಳಿಸಿ ಮತ್ತೆ ತುಂಬಿದೆ. ಈ ಸಲ ಹತ್ತೂ ಸರಾಗವಾಗಿ ಹತ್ತಿ ಇಳಿದವು.

ತಿರುಗಿ ನೋಡಿದರೆ ಗೆಳೆಯ ಆ ಇನ್ನೊಂದು ಮ್ಯಾಗಜಿನ್ನಿಗೆ ಹನ್ನೊಂದನೆಯದನ್ನು ತುರುಕುತ್ತಾ ಕೂತಿದ್ದ. "ಹೋಗ್ತಿದೆ ಕಣೋ, ನೋಡಿಲ್ಲಿ" ಅಂದ. ನಾನು ಮಾತಾಡದೆ ಅವನ ಕೈಯಿಂದ ಅದನ್ನೂ ಕಿತ್ತುಕೊಂಡೆ.