ಕಲಿಸೋ ಮುಂಚೆ

ಈ ವಾರ ಸಂಡೇ ಸ್ಕೂಲ್ ಮಕ್ಕಳಿಗೆ ಬೈಬಲಿನ ಎಜ್ರನ ಗ್ರಂಥದ 7ನೇ ಅಧ್ಯಾಯ. ಅದರ 10ನೇ ವಚನದಲ್ಲಿ ಒಂದು ಕ್ರಮ ಇದೆ: ದೇವರ ಧರ್ಮಶಾಸ್ತ್ರವನ್ನ ಅಭ್ಯಾಸ ಮಾಡಬೇಕು, ಅದರಂತೆ ನಡೀಬೇಕು, ಆಮೇಲೆ ಜನರಿಗೆ ಕಲಿಸಬೇಕು ಅಂತ ಎಜ್ರ ಮನಸ್ಸು ಮಾಡಿದ್ದ. ಕಲಿಸೋ ನಮಗೆಲ್ಲ ಕಷ್ಟ ಆಗೋದು ಆ ಮಧ್ಯದ್ದೇ.

ಓದ್ತಾ ಓದ್ತಾ ನಮ್ಮ ಚರ್ಚಿನ ಸಭೆಯ ಒಬ್ಬ ರೈತರು ನೆನಪಾದ್ರು. ಕೋಲಾರ ಎಪಿಎಂಸಿಗೆ ಟೊಮೆಟೊ ಹಾಕ್ತಾರೆ. ಬಾಕ್ಸಿನ ತಳಕ್ಕೆ ಬಿರುಕು ಬಿಟ್ಟ ಹಣ್ಣು ಹಾಕಿ, ಮೇಲೆ ಮಿರಮಿರ ಅನ್ನೋದನ್ನ ಜೋಡಿಸೋರೂ ಇದ್ದಾರೆ. ಇವರು ತುಂಬೋದನ್ನ ಪಕ್ಕದಲ್ಲೇ ಕೂತು ನೋಡಿದ್ದೀನಿ. ಒಂದೊಂದು ಹಣ್ಣನ್ನೂ ತೊಟ್ಟಿನ ಹತ್ತಿರ ಹೆಬ್ಬೆರಳಲ್ಲಿ ಒತ್ತಿ ನೋಡ್ತಾರೆ. ಮೆತ್ತಗಿದ್ದರೆ ಬೇರೆ ಬುಟ್ಟಿಗೆ. ತಳದಲ್ಲೂ ಅದೇ ಮಾಲು, ಮೇಲೂ ಅದೇ. ರೇಟು ನೆಲಕಚ್ಚಿದ ದಿನವೂ ಹಾಗೇ, ಅದನ್ನ ನೋಡಿ ನನಗೆ ಕಣ್ಣು ತುಂಬಿ ಬಂತು. ಚರ್ಚಿನಲ್ಲಿ ಅವರು ಎದ್ದು ನಿಂತು ತಮ್ಮ ನಂಬಿಕೆಯ ಸಾಕ್ಷಿ ಹೇಳಿದ್ದು ನಾನಂತೂ ಕೇಳಿಲ್ಲ. ಆದರೆ ಕ್ಲಾಸಿನಲ್ಲಿ ಪ್ರಾಮಾಣಿಕತೆ ಅಂದ್ರೇನು ಅಂತ ಕೇಳಿದಾಗ ಅವರ ಮಗಳು ಥಟ್ಟನೆ ಹೇಳಿದ್ದು, "ನಮ್ಮಪ್ಪ ಬಾಕ್ಸ್ ತುಂಬೋದು."

ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲೂ ಹೀಗೇ ಅಲ್ವಾ? ಯೇಸು ಮೊದಲು ಶಿಷ್ಯರ ಪಾದ ತೊಳೆದ. ಮಾಡಿದ್ದರ ಅರ್ಥ ತಿಳಿಯಿತಾ ಅಂತ ಕೇಳಿದ್ದು ಮತ್ತೆ ಕೂತ ಮೇಲೆ.

ಭಾನುವಾರ ಆರಾಧನೆ ಮುಗಿದ ಮೇಲೆ ಮಕ್ಕಳನ್ನ ಆ ರೈತರ ತೋಟಕ್ಕೆ ಕರ್ಕೊಂಡು ಹೋಗೋಣ ಅಂತಿದ್ದೀನಿ. ಪೋಷಕರು ಶನಿವಾರದೊಳಗೆ ತಿಳಿಸಿ, ಊಟದ ವ್ಯವಸ್ಥೆ ಮಾಡಬೇಕು.