ಮಠದ ಲೆಕ್ಕ ಕೇಳಲು ನೀವು ಯಾರು?

ನಮ್ಮೂರಿನ ಮಠದ ಟ್ರಸ್ಟಿನ ವಿರುದ್ಧ ಗದಗದ ಜಿಲ್ಲಾ ನ್ಯಾಯಾಲಯದಲ್ಲಿ ನಾವಿಬ್ಬರು ಅರ್ಜಿ ಹಾಕಿದ್ದು 2022ರಲ್ಲಿ. ದಾವೆ ಇನ್ನೂ ನಡೆಯುತ್ತಿರುವುದರಿಂದ ಮಠದ ಹೆಸರನ್ನಾಗಲಿ, ಊರಿನ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಆದರೆ ಇಂಥದೊಂದು ದಾವೆ ಹೂಡಲು ಏನೇನು ಬೇಕಾಗುತ್ತದೆ ಎಂದು ನಮ್ಮ ಕಡೆಯ ಕೆಲವರು ಆಗಾಗ ಫೋನ್ ಮಾಡಿ ಕೇಳುತ್ತಿರುವುದರಿಂದ, ನನಗೆ ತಿಳಿದಷ್ಟನ್ನು ಒಂದು ಕಡೆ ಬರೆದಿಡುತ್ತಿದ್ದೇನೆ. ನಾನು ವಕೀಲನಲ್ಲ, ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದು ಈಗ ಹುಬ್ಬಳ್ಳಿಯಲ್ಲಿ ನೆಲೆಸಿರುವ, ಬೇರೆಯವರ ಲೆಕ್ಕವನ್ನು ನೋಡಿಯೇ ಹೊಟ್ಟೆ ಹೊರೆದುಕೊಂಡ ಮನುಷ್ಯ.

ನಮ್ಮ ಅಜ್ಜ 1951ರಲ್ಲಿ ನಾಲ್ಕು ಎಕರೆ ಎರೆ ಹೊಲವನ್ನು ಮಠಕ್ಕೆ ಬರೆದುಕೊಟ್ಟಿದ್ದರು. ಶ್ರಾವಣ ಮಾಸದ ದಾಸೋಹ ಮತ್ತು ಜಾತ್ರೆಯ ಅನ್ನಸಂತರ್ಪಣೆ ಈ ಹೊಲದ ಉತ್ಪನ್ನದಿಂದ ನಡೆಯತಕ್ಕದ್ದು ಎಂದು ದಾನಪತ್ರದಲ್ಲಿ ಸ್ಪಷ್ಟವಾಗಿ ಬರೆದಿದೆ. ಆ ಹೊಲದ ಮಗ್ಗುಲಲ್ಲಿಯೇ ನಮ್ಮ ಪಾಲಿನ ಹೊಲವೂ ಇದೆ. 2019ರ ಮುಂಗಾರಿನಲ್ಲಿ ಬಿತ್ತನೆಗೆಂದು ಹೋದ ತಮ್ಮ, ಬದುವಿನ ಆಚೆ ಪ್ಲಾಟುಗಳ ಗಡಿಗಲ್ಲು ನೆಟ್ಟಿದ್ದಾರೆ ಎಂದು ಫೋನ್ ಮಾಡಿದ. ನಾಡಕಚೇರಿಯಿಂದ ಉತಾರ (ಪಹಣಿ) ತೆಗೆಸಿ ನೋಡಿದರೆ ಒಂಬತ್ತನೆಯ ಕಾಲಮ್ಮಿನಲ್ಲಿ ಮಠದ ಹೆಸರು ಹೋಗಿ ಬೇರೊಬ್ಬರ ಹೆಸರು ಬಂದಿತ್ತು. ಈ ಹಕ್ಕು ಬದಲಾವಣೆಯ ಡೈರಿ ನಂಬರು ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದಾಗ ಖರೀದಿಪತ್ರದ ನಕಲು ಸಿಕ್ಕಿತು. ಅದರಲ್ಲಿ ಕಾಣಿಸಿದ್ದ ಬೆಲೆ, ಸುತ್ತಲಿನ ಹೊಲಗಳು ಆ ವರ್ಷ ಮಾರಾಟವಾದ ದರದ ಅರ್ಧದಷ್ಟೂ ಇರಲಿಲ್ಲ. ಮಾರಿದ ಕಾರಣದ ಜಾಗದಲ್ಲಿ "ಮಠದ ಅಭಿವೃದ್ಧಿಗಾಗಿ" ಎಂಬ ಎರಡು ಶಬ್ದಗಳಿದ್ದವು.

ಮಠದ ಟ್ರಸ್ಟ್ ಕಮಿಟಿಯವರನ್ನು ಕಂಡು, ಬಂದ ಹಣ ಯಾವ ಖಾತೆಗೆ ಜಮೆಯಾಗಿದೆ ಎಂದು ತಿಳಿಸಬೇಕೆಂದು ವಿನಂತಿಸಿಕೊಂಡೆ. ನಾನು ಕೇಳಿದ್ದು ಅಷ್ಟನ್ನೇ. ಕಮಿಟಿಯ ಹಿರಿಯರೊಬ್ಬರು ಚಹಾದ ಕಪ್ಪು ಕೆಳಗಿಟ್ಟು, "ಮಠದ ಲೆಕ್ಕ ಕೇಳಾಕ ನೀವು ಯಾರ್ರೀ? ಹುಬ್ಬಳ್ಳ್ಯಾಗ ಮನಿ ಕಟ್ಟಿಸಿಕೊಂಡು ಕುಂತೀರಿ," ಎಂದರು. ಮಾತು ಅಲ್ಲಿಗೆ ಮುಗಿಯಿತು. ಅದರ ನಂತರ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ ಎರಡು ಪತ್ರಗಳಿಗೂ ಉತ್ತರ ಬರಲಿಲ್ಲ.

ಗದಗದ ವಕೀಲರ ಬಳಿ ಹೋದಾಗ, ಕಾಗದಗಳನ್ನೆಲ್ಲ ಓದಿ ಮುಗಿಸಿದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆಯೂ ಅದೇ ಆಗಿತ್ತು: ನೀವು ಯಾರು? ಕಮಿಟಿಯವರು ಅದನ್ನು ಬಾಯಿ ಮುಚ್ಚಿಸಲು ಕೇಳಿದ್ದರೆ ಇವರು ಕಾನೂನಿನ ಕಾರಣಕ್ಕೆ ಕೇಳಿದ್ದರು. ಸಾರ್ವಜನಿಕ ಧಾರ್ಮಿಕ ಟ್ರಸ್ಟುಗಳಿಗೆ 1882ರ ಭಾರತೀಯ ಟ್ರಸ್ಟ್ ಕಾಯ್ದೆ ಅನ್ವಯಿಸುವುದಿಲ್ಲ. ಅವುಗಳ ಆಡಳಿತದಲ್ಲಿ ನಂಬಿಕೆದ್ರೋಹ ನಡೆದಿದೆ ಎನ್ನುವವರು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮಿನ ಅಡಿ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬೇಕು. ರಾಜ್ಯದ ಅಡ್ವೊಕೇಟ್ ಜನರಲ್ ಸ್ವತಃ ದಾವೆ ಹೂಡಬಹುದು, ಇಲ್ಲವೆ ಆ ಟ್ರಸ್ಟಿನಲ್ಲಿ ಹಿತಾಸಕ್ತಿ ಇರುವ ಇಬ್ಬರು ಅಥವಾ ಅದಕ್ಕಿಂತ ಹೆಚ್ಚು ಜನ ನ್ಯಾಯಾಲಯದ ಅನುಮತಿ ಪಡೆದು ಹೂಡಬಹುದು. ಒಬ್ಬನೇ ಹೋದರೆ ಬಾಗಿಲು ತೆರೆಯುವುದಿಲ್ಲ. ದಾರಿಹೋಕರು ಇಬ್ಬರು ಸೇರಿ ಹೋದರೂ ತೆರೆಯುವುದಿಲ್ಲ.

ಈ ಹಿತಾಸಕ್ತಿ ಎಂಬ ಶಬ್ದದ ಮೇಲೆ ನಡೆದಿರುವ ವಾದ ದೊಡ್ಡದು. ಹಳೆಯ ಸಂಹಿತೆಯಲ್ಲಿ 'ನೇರ ಹಿತಾಸಕ್ತಿ' ಎಂದಿದ್ದುದನ್ನು 1888ರಲ್ಲಿ ತಿದ್ದಿ 'ನೇರ' ಎಂಬುದನ್ನು ಕೈಬಿಟ್ಟರಂತೆ. ಹಾಗೆಂದು ಯಾರು ಬೇಕಾದರೂ ಬರಬಹುದೆಂದಲ್ಲ: ತಾನು ಹಿಂದೂ, ತನಗೆ ಯಾವ ಗುಡಿಯಲ್ಲಾದರೂ ಪೂಜೆ ಮಾಡುವ ಹಕ್ಕಿದೆ ಎನ್ನುವುದಷ್ಟೇ ಸಾಲದು ಎಂದು ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ 1919ರಲ್ಲಿ ಹೇಳಿತು. ಹಿಂದೆ ಮುಂಬೈ ಕರ್ನಾಟಕ ಎನ್ನುತ್ತಿದ್ದ ನಮ್ಮ ಭಾಗದಲ್ಲಿ ಬಹಳ ಕಾಲ ಜಾರಿಯಲ್ಲಿದ್ದ 1950ರ ಮುಂಬೈ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ ವ್ಯಾಖ್ಯೆ ನನಗೆ ಇವೆಲ್ಲಕ್ಕಿಂತ ಹಿಡಿಸಿತು. ಅದರ ಪ್ರಕಾರ ಗುಡಿಯ ಮಟ್ಟಿಗೆ ಹಿತಾಸಕ್ತಿ ಉಳ್ಳವನೆಂದರೆ ಅಲ್ಲಿಯ ಪೂಜೆಗೆ ಹೋಗುವ ರೂಢಿ ಇರುವವನು ಅಥವಾ ಅಲ್ಲಿ ಹಂಚುವುದರಲ್ಲಿ ಪಾಲು ಪಡೆಯುವ ರೂಢಿ ಇರುವವನು. ಮಠದ ಮಟ್ಟಿಗೆ ಅದರ ಶಿಷ್ಯ ಅಥವಾ ಆ ಮಠದ ಸಂಪ್ರದಾಯಕ್ಕೆ ಸೇರಿದವನು. ಪ್ರಸಾದಕ್ಕೆ ಕೈಯೊಡ್ಡುವವನಿಗೂ ಲೆಕ್ಕ ಕೇಳುವ ಅಧಿಕಾರವಿದೆ ಎಂದು ಒಂದು ಶಾಸನ ಬರೆದಿಟ್ಟಿತ್ತೆಂಬುದು ನನಗೆ ಅರವತ್ತು ದಾಟಿದ ಮೇಲೆ ತಿಳಿಯಿತು.

ಮುಂಬೈ ಕಾಯ್ದೆಯ ಕಾಲದಲ್ಲಿ ದಾವೆಗೆ ಮೊದಲು ಅದರಡಿಯ ಅಧಿಕಾರಿಯಾದ ಚಾರಿಟಿ ಕಮಿಷನರ್ ಅವರ ಒಪ್ಪಿಗೆ ಬೇಕಾಗುತ್ತಿತ್ತು. 92ನೆಯ ಕಲಮು ಆ ಕಾಯ್ದೆಗೆ ಒಳಪಟ್ಟ ಟ್ರಸ್ಟುಗಳಿಗೆ ಅನ್ವಯಿಸುತ್ತಿರಲಿಲ್ಲ. 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆ 2003ರ ಮೇ ತಿಂಗಳಲ್ಲಿ ಜಾರಿಗೆ ಬಂದು ಮುಂಬೈ ಕಾಯ್ದೆಯನ್ನು ತೆಗೆದುಹಾಕಿತು, ಆದರೆ ಮಠಗಳನ್ನೂ ಮಠಗಳಿಗೆ ಸೇರಿದ ಗುಡಿಗಳನ್ನೂ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಆದ್ದರಿಂದ ನಿಮ್ಮ ತಕರಾರು ಮುಜರಾಯಿ ಗುಡಿಯದಾದರೆ ದಾರಿ ಬೇರೆ. ವಕ್ಫ್ ಆಸ್ತಿಯದಾದರೆ ಟ್ರಿಬ್ಯೂನಲ್ಲಿಗೆ ಹೋಗಬೇಕು. ಸಂಸ್ಥೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾಗಿದ್ದರೆ ಸದಸ್ಯರ ಮೂರನೆಯ ಒಂದು ಭಾಗ ಸೇರಿ ರಿಜಿಸ್ಟ್ರಾರ್ ಅವರಿಗೆ ವಿಚಾರಣೆ ಕೋರಬಹುದು. ನಿಮ್ಮ ಸಂಸ್ಥೆ ಇವುಗಳಲ್ಲಿ ಯಾವುದು ಎಂದು ಮೊದಲು ಕಾಗದ ನೋಡಿ ತಿಳಿದುಕೊಳ್ಳಿ. ಊರಲ್ಲಿ ಎಲ್ಲವನ್ನೂ 'ಟ್ರಸ್ಟು' ಎಂದೇ ಕರೆಯುತ್ತಾರೆ.

ನಮಗೆ ಎದುರಾದ ನಿಜವಾದ ಕಷ್ಟವೆಂದರೆ ಎರಡನೆಯ ವಾದಿಯನ್ನು ಹುಡುಕುವುದು. ಹೊಲ ಮಾರಿದ್ದು ತಪ್ಪು ಎಂದು ಕಟ್ಟೆಯ ಮೇಲೆ ಕುಳಿತವರೆಲ್ಲ ಹೇಳುತ್ತಿದ್ದರು. ವಕಾಲತ್ತಿನ ಕಾಗದ ತೆಗೆದ ಕೂಡಲೇ ಒಬ್ಬರಿಗೆ ಮಗಳ ಮದುವೆ, ಇನ್ನೊಬ್ಬರಿಗೆ ಮಠದ ಶಾಲೆಯಲ್ಲಿ ಮೊಮ್ಮಗನ ಸೀಟು, ಮತ್ತೊಬ್ಬರಿಗೆ ಲಾವಣಿಗೆ (ಗೇಣಿಗೆ) ಹಿಡಿದ ಮಠದ್ದೇ ಹೊಲ ನೆನಪಾಗುತ್ತಿತ್ತು. ನಾನು ಅವರನ್ನು ದೂಷಿಸುವುದಿಲ್ಲ. ಊರಲ್ಲಿ ದಿನಬೆಳಗಾದರೆ ಮುಖ ನೋಡಬೇಕಾದವರು ಅವರು; ನಾನು ಸಂಜೆಯ ಬಸ್ಸಿಗೆ ಹುಬ್ಬಳ್ಳಿಗೆ ಹೊರಡುವವನು. ನಮ್ಮ ಕಾಕಾ ಮಾತ್ರ ಸಹಿ ಮಾಡಲು ಸಿದ್ಧರಿದ್ದರು, ಆದರೆ "ಗೆದ್ದರ ಹೊಲ ನಮಗ ತಿರುಗಿ ಬರತೈತಿಲ್ಲೋ?" ಎಂದು ಕೇಳಿದರು. ಬರುವುದಿಲ್ಲ. ದಾನ ಕೊಟ್ಟದ್ದು ಕೊಟ್ಟದ್ದೇ. ಟ್ರಸ್ಟಿಯನ್ನು ತೆಗೆಯಿರಿ, ಬೇರೆಯವರನ್ನು ನೇಮಿಸಿ, ಲೆಕ್ಕ ಒಪ್ಪಿಸಲು ಆಜ್ಞಾಪಿಸಿ, ಆಡಳಿತಕ್ಕೊಂದು ಸ್ಕೀಮು ರೂಪಿಸಿ ಎಂಬಂಥ ಬೇಡಿಕೆಗಳಿಗಷ್ಟೇ ಆ ಕಲಮಿನಲ್ಲಿ ಅವಕಾಶವಿದೆ. ಸ್ವಂತದ ಹಕ್ಕಿಗಾಗಿ ಹೂಡಿದ ದಾವೆ ಇದರಡಿ ನಿಲ್ಲುವುದಿಲ್ಲವೆಂದು ಸುಪ್ರೀಂ ಕೋರ್ಟು 1974ರ ಸ್ವಾಮಿ ಪರಮಾತ್ಮಾನಂದ ಸರಸ್ವತಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಇದನ್ನು ತಿಳಿಸಿ ಹೇಳಿದ ಮೇಲೆ ಕಾಕಾ ಕೈ ಹಿಂದಕ್ಕೆ ತೆಗೆದುಕೊಂಡರು.

ಕೊನೆಗೆ ಬಂದವರು ನಮ್ಮ ಓಣಿಯ ದೊಡ್ಡವ್ವ. ರಕ್ತಸಂಬಂಧವಿಲ್ಲದಿದ್ದರೂ ನಾವೆಲ್ಲ ಅವರನ್ನು ಹಾಗೆಯೇ ಕರೆಯುತ್ತೇವೆ. ವಯಸ್ಸು ಎಪ್ಪತ್ತರ ಮೇಲೆ. ಮದುವೆಯಾಗಿ ಊರಿಗೆ ಬಂದ ವರ್ಷದಿಂದ ಜಾತ್ರೆಯ ದಾಸೋಹಕ್ಕೆ ತಿಂಗಳ ಮೊದಲೇ ಖಡಕ್ ರೊಟ್ಟಿ ಬಡಿದು ಕೊಡುತ್ತ ಬಂದವರು. ನಾನು ಅವರನ್ನು ಕೇಳಿರಲೇ ಇಲ್ಲ. ಮನೆಗೆ ಬಂದು ತಾವಾಗಿಯೇ, "ನನ್ನ ಸಹಿ ನಡೀತೈತೇನೋ ತಮ್ಮಾ? ಆ ಹೊಲದ ಜ್ವಾಳದ ಹಿಟ್ಟು ನಾದಿದಾಕಿ ನಾನು. ಎರಡ ವರ್ಷಾತು, ಅಂಗಡಿ ಹಿಟ್ಟು ಕೊಡಾಕತ್ತಾರ, ಜಿಗಟ ಇಲ್ಲ, ರೊಟ್ಟಿ ಹರೀತಾವು," ಎಂದರು. ವಕೀಲರಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ನಕ್ಕು, ಫಿರ್ಯಾದಿಯಲ್ಲಿ ಇಡೀ ಒಂದು ಪರಿಚ್ಛೇದವನ್ನು ರೊಟ್ಟಿಗಾಗಿಯೇ ಮೀಸಲಿಟ್ಟರು.

ಅಲ್ಲಿಂದ ಮುಂದೆ ನಾವು ಮಾಡಿದ ಕೆಲಸವನ್ನು ಈಗ ನೆನೆದರೂ ವಿಚಿತ್ರವೆನಿಸುತ್ತದೆ. ಮಠದ ವಿರುದ್ಧ ದಾವೆ ಹೂಡಬೇಕಾದರೆ ನಾವು ಮಠದ ಭಕ್ತರೆಂದು ಮೊದಲು ಸಾಬೀತುಪಡಿಸಬೇಕಾಗಿತ್ತು, ಮತ್ತು ಭಕ್ತಿಗೆ ಯಾರೂ ಪಾವತಿ, ಅಂದರೆ ರಸೀದಿ, ಇಟ್ಟುಕೊಂಡಿರುವುದಿಲ್ಲ. ಟ್ರಂಕು, ಅಟ್ಟ, ಹಳೆಯ ಪಂಚಾಂಗಗಳ ನಡುವೆ ಹುಡುಕಿ ಜಾತ್ರೆಯ ಪಟ್ಟಿ (ವಂತಿಗೆ) ಕೊಟ್ಟ ಹದಿನೇಳು ರಸೀದಿಗಳನ್ನು ಕೂಡಿಸಿದೆವು. ತಂದೆಯವರು ಮಠಕ್ಕೆ ಕೊಟ್ಟಿದ್ದ ಹಿತ್ತಾಳೆಯ ಕೊಪ್ಪರಿಗೆಯ ಕಂಠದಲ್ಲಿ ಅವರ ಹೆಸರನ್ನು ಕೆತ್ತಿಸಿದ್ದರು. ಅಡುಗೆಮನೆಗೆ ಹೋದ ತಮ್ಮ ಅದರ ಫೋಟೊ ತೆಗೆದುಕೊಂಡು ಬಂದ. ನನ್ನ ಲಿಂಗದೀಕ್ಷೆಯ ಫೋಟೊ, ತಂಗಿಯ ಮದುವೆಯ ಆಮಂತ್ರಣದ ಮೇಲಿನ "ದಿವ್ಯ ಸಾನ್ನಿಧ್ಯ" ಎಂಬ ಸಾಲು, ಎಲ್ಲವೂ ದಾಖಲೆಗಳಾಗಿ ನಂಬರು ಹಾಕಿಸಿಕೊಂಡವು. ದೊಡ್ಡವ್ವನ ಬಳಿ ಒಂದು ಚೀಟಿಯೂ ಇರಲಿಲ್ಲ. ಅವರ ಪರವಾಗಿ ರೊಟ್ಟಿ ಬಡಿಯುವ ಏಳು ಮಂದಿ ಹೆಣ್ಣುಮಕ್ಕಳು ಪ್ರಮಾಣಪತ್ರ ಕೊಟ್ಟರು, ಗಂಡಸರು ಬೇಡವೆಂದರೂ ಕೇಳದೆ.

ಅನುಮತಿ ನೀಡುವ ಮೊದಲು ಎದುರುಪಕ್ಷಕ್ಕೆ ನೋಟಿಸು ಕೊಡುವುದು ಸೂಕ್ತವೆಂದು ಸುಪ್ರೀಂ ಕೋರ್ಟು 1991ರಲ್ಲಿ ನಾರಾಯಣ ಚೆಟ್ಟಿಯಾರ್ ಪ್ರಕರಣದಲ್ಲಿ ಹೇಳಿರುವುದರಿಂದ ಟ್ರಸ್ಟಿಗೂ ನೋಟಿಸು ಹೋಯಿತು. ಅವರು ಸಲ್ಲಿಸಿದ ತಕರಾರಿನ ಮುಖ್ಯ ಅಂಶ, ಮೊದಲ ಅರ್ಜಿದಾರರು ಊರು ಬಿಟ್ಟವರು, 2021ರ ಜಾತ್ರೆಗೂ ಬಂದಿಲ್ಲ, ಆದ್ದರಿಂದ ಅವರಿಗೆ ಯಾವ ಹಿತಾಸಕ್ತಿಯೂ ಇಲ್ಲ ಎಂಬುದಾಗಿತ್ತು. ಆ ವರ್ಷ ಕೊರೊನಾದ ಕಾರಣ ಜಾತ್ರೆಯನ್ನು ರದ್ದುಪಡಿಸಲಾಗಿದೆ ಎಂದು ಟ್ರಸ್ಟೇ ಹೊರಡಿಸಿದ್ದ ಕರಪತ್ರವನ್ನು ನಮ್ಮ ವಕೀಲರು ಸದ್ದಿಲ್ಲದೆ ನ್ಯಾಯಾಧೀಶರ ಮುಂದಿಟ್ಟರು. 2023ರಲ್ಲಿ ಅನುಮತಿ ಸಿಕ್ಕಿತು. ಕಾಲಮಿತಿ ಮೀರಿದೆಯೆಂಬ ತಕರಾರನ್ನೂ ಅವರು ಎತ್ತಿದ್ದಾರೆ. ನಿರ್ದಿಷ್ಟ ಉದ್ದೇಶಕ್ಕೆ ಟ್ರಸ್ಟಿಯ ವಶದಲ್ಲಿರುವ ಆಸ್ತಿಯ ಲೆಕ್ಕ ಕೇಳುವುದಕ್ಕೆ 1963ರ ಕಾಲಮಿತಿ ಕಾಯ್ದೆಯ 10ನೆಯ ಕಲಮಿನ ಪ್ರಕಾರ ಕಾಲದ ತಡೆಯಿಲ್ಲ ಎಂಬುದು ನಮ್ಮ ವಾದ.

ಪ್ಲಾಟು ಕೊಂಡವರನ್ನು ನಾವು ಪ್ರತಿವಾದಿಗಳನ್ನಾಗಿ ಮಾಡಿಲ್ಲ. ಟ್ರಸ್ಟಿನ ಹೊರಗಿನವರ ವಿರುದ್ಧ ಈ ಕಲಮಿನಡಿ ಪರಿಹಾರ ಕೇಳಲಾಗದು ಎಂದು ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ 1928ರಲ್ಲಿಯೇ ತೀರ್ಮಾನಿಸಿದೆ. ಹಾಗೆ ಕೇಳಲಾಗದ್ದರಿಂದ ನನಗೆ ಒಳಗೊಳಗೇ ಸಮಾಧಾನವಾಯಿತೆಂದು ಒಪ್ಪಿಕೊಳ್ಳಬೇಕು. ಅಲ್ಲಿ ಈಗಾಗಲೇ ಮೂರು ಮನೆಗಳೆದ್ದಿವೆ. ಒಂದರ ಮಾಲೀಕರು ಪ್ರಾಥಮಿಕ ಶಾಲೆಯ ಶಿಕ್ಷಕರು, ಸಾಲ ಮಾಡಿ ಕಟ್ಟಿಸಿದವರು.

"ದೇವರ ಮ್ಯಾಲೆ ಕೇಸು ಹಾಕಿದವರು" ಎಂಬ ಮಾತು ನಮ್ಮ ಬೆನ್ನಿಗೆ ಅಂಟಿಕೊಂಡಿದೆ. ಬೀಗರ ಮನೆಯಲ್ಲಿ ಊಟಕ್ಕೆ ಕುಳಿತಾಗಲೂ ಅದನ್ನು ಕೇಳಬೇಕಾಯಿತು. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ 1954ರಲ್ಲಿ ಏಳು ನ್ಯಾಯಾಧೀಶರ ಪೀಠ, ಧರ್ಮದ ವಿಷಯಗಳನ್ನು ನಡೆಸಿಕೊಳ್ಳುವುದು ಪಂಥದ ಮೂಲಭೂತ ಹಕ್ಕು, ಆಸ್ತಿಯ ಆಡಳಿತವಾದರೆ ಕಾನೂನಿಗೆ ಅನುಸಾರವಾಗಿ ನಡೆಯಬೇಕಾದದ್ದು ಎಂದು ಬಿಡಿಸಿ ಹೇಳಿದ್ದನ್ನು ನಾನು ಬೀಗರಿಗೆ ವಿವರಿಸಲು ಹೋಗಿ ಊಟದ ರುಚಿ ಕೆಡಿಸಿದೆ. ಹುಬ್ಬಳ್ಳಿಯ ಸಿದ್ಧಾರೂಢ ಮಠದ ಟ್ರಸ್ಟ್ ಕಮಿಟಿ ಜಿಲ್ಲಾ ನ್ಯಾಯಾಧೀಶರ ಮೇಲ್ವಿಚಾರಣೆಯಲ್ಲಿ ನಡೆಯುತ್ತದೆ, ಅದರಿಂದ ಸಿದ್ಧಾರೂಢ ಅಜ್ಜನ ತೇರಿಗೆ ಬರುವ ಜನವೇನಾದರೂ ಕಡಿಮೆಯಾಗಿದೆಯೇ ಎಂದು ನನ್ನ ಹೆಂಡತಿ ಕೇಳಿದ ಒಂದೇ ಪ್ರಶ್ನೆ ನನ್ನ ತೀರ್ಪುಗಳೆಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು.

ಸ್ವಾಮಿಗಳೂ ಟ್ರಸ್ಟಿಗಳಾದ್ದರಿಂದ ಅವರ ಹೆಸರೂ ಪ್ರತಿವಾದಿಗಳ ಸಾಲಿನಲ್ಲಿದೆ. ಬೇಲಿಫ್ ಸಮನ್ಸು ಹಿಡಿದುಕೊಂಡು ಮಠದ ಮೆಟ್ಟಿಲು ಹತ್ತಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ಅಮವಾಸ್ಯೆಗೆ ಎಂದಿನಂತೆ ದರ್ಶನಕ್ಕೆ ಹೋದೆ. ಅವರು ಒಂದು ಕ್ಷಣ ಮುಖ ನೋಡಿ, ಮಾತನಾಡದೆ ಹಣೆಗೆ ವಿಭೂತಿ ಹಚ್ಚಿದರು. ಅದು ಕ್ಷಮೆಯೋ ಸಿಟ್ಟೋ ರೂಢಿಯೋ ನನಗೆ ಇಂದಿಗೂ ಬಗೆಹರಿದಿಲ್ಲ. ಹೋಗುವುದನ್ನು ಮಾತ್ರ ನಿಲ್ಲಿಸಿಲ್ಲ.

ಕಳೆದ ವರ್ಷ ಕಮಿಟಿಯಿಂದ ರಾಜಿಯ ಮಾತು ಬಂತು. ಹೊಸದಾಗಿ ಕಟ್ಟುತ್ತಿರುವ ಕಲ್ಯಾಣ ಮಂಟಪದ ಊಟದ ಹಾಲಿಗೆ ಅಜ್ಜನ ಹೆಸರಿಡುತ್ತಾರೆ, ನಾವು ದಾವೆ ಹಿಂತೆಗೆದುಕೊಳ್ಳಬೇಕು. ಕಾಕಾ ಆಸೆಗಣ್ಣಿನಿಂದ ನನ್ನತ್ತ ನೋಡಿದರು. ಇಂಥ ದಾವೆಯನ್ನು ವಾದಿಗಳು ತಮ್ಮಷ್ಟಕ್ಕೆ ರಾಜಿ ಮಾಡಿಕೊಳ್ಳಲಾಗದು, ಅದಕ್ಕೂ ನ್ಯಾಯಾಲಯದ ಅನುಮತಿ ಬೇಕು, ಇಲ್ಲದಿದ್ದರೆ ಆ ರಾಜಿ ಅಸಿಂಧು ಎಂದು ಸಂಹಿತೆಯ 23ನೆಯ ಆದೇಶದ 3ಬಿ ನಿಯಮ ಹೇಳುತ್ತದೆ. ಹೀಗಾಗಿ ಬೇಡವೆನ್ನುವ ನಿಷ್ಠುರ ನನ್ನ ಪಾಲಿಗೆ ಬರಲಿಲ್ಲ. ಲೆಕ್ಕದ ಪುಸ್ತಕಗಳನ್ನು ನ್ಯಾಯಾಲಯಕ್ಕೆ ಹಾಜರುಪಡಿಸಿದರೆ ಉಳಿದ ಮಾತನ್ನು ಅಲ್ಲಿಯೇ ಆಡೋಣ ಎಂದು ತಿಳಿಸಿದೆ. ಪುಸ್ತಕಗಳು ಇನ್ನೂ ಬಂದಿಲ್ಲ. ಹಾಜರುಪಡಿಸುವಂತೆ ಕೋರಿದ ನಮ್ಮ ಅರ್ಜಿಯ ಮೇಲಿನ ಆದೇಶ ಬಾಕಿಯಿದೆ.

ನನ್ನ ಸಾಕ್ಷಿ ಮುಗಿದಿದೆ. ಮುಂದಿನ ತಾರೀಖಿಗೆ ದೊಡ್ಡವ್ವನ ಪಾಟೀಸವಾಲು. ಈ ಸಲದ ಜಾತ್ರೆಗೂ ಅವರು ರೊಟ್ಟಿ ಬಡಿದು ಕೊಟ್ಟರು, ಬುಟ್ಟಿ ಇಳಿಸಿದ ಮೇಲೆ ಕಮಿಟಿಯ ಹುಡುಗನ ಮುಂದೆ ನಿಂತು ಪಾವತಿ ಕೇಳಿದರಂತೆ. ರೊಟ್ಟಿಗೆ ಪಾವತಿ ಬರೆಯುವ ಪದ್ಧತಿಯಿಲ್ಲವೆಂದು ಅವನು ಹೇಳಿದರೂ ಬಿಡದೆ, "ಜೋಳದ ರೊಟ್ಟಿ, ಇನ್ನೂರು" ಎಂದು ಬರೆಸಿಕೊಂಡು ಬಂದಿದ್ದಾರೆ. ಅದನ್ನು ದಾಖಲೆಗಳ ಪಟ್ಟಿಗೆ ಸೇರಿಸಲು ಅರ್ಜಿ ಹಾಕಿದ್ದೇವೆ.